ಬೂದಿ ಕೋಳಿಯ ವಂಶಲೆಕ್ಕ

ಕೊಳ್ಳೇಗಾಲದಿಂದ ಹನೂರಿನ ಕಡೆಗೆ ಸಾಗುವ ದಾರಿಯಲ್ಲಾಗಲಿ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ತಪ್ಪಲಿಗೆ ಹೋಗುವ ದಾರಿಯಲ್ಲಾಗಲಿ, ಯಾವುದಾದರೊಂದು ಹಳ್ಳಿಯನ್ನು ಹೊಕ್ಕರೆ ಮೊದಲು ಎದುರುಗೊಳ್ಳುವುದು ಕೋಳಿಗಳ ಹಿಂಡು. ತಿಪ್ಪೆಯನ್ನು ಕೆದಕುವ ಕೋಳಿ, ಹಿಪ್ಪುನೇರಳೆ ತೋಟದ ಬದುವಿನಲ್ಲಿ ಹುಳು ಹೆಕ್ಕುವ ಕೋಳಿ, ಮರಿಗಳನ್ನು ರೆಕ್ಕೆಯೊಳಗೆ ಅವಚಿಕೊಂಡು ಜಗಲಿಯ ಮೂಲೆಯಲ್ಲಿ ಕುಳಿತ ಕೋಳಿ. ಅವುಗಳಲ್ಲಿ ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಕರಿಯದು, ಕೆಂಚಗಿನದು, ಗೋಧಿಯ ಬಣ್ಣದ್ದು, ಚುಕ್ಕೆಯದು, ಕೆಂಪು ಮೈಗೆ ಕರಿಯ ಬಾಲದ್ದು, ಹೀಗೆ ಎಣಿಸುತ್ತ ಹೋದರೆ ಮುಗಿಯದು. ಫಾರಂಗಳಲ್ಲಿ ಸಾವಿರಗಟ್ಟಲೆ ಬೆಳೆಯುವ ಬಿಳಿಯ ಕೋಳಿಗಳನ್ನು ಕಂಡು ಬೇಸತ್ತ ಕಣ್ಣಿಗೆ ಈ ವೈವಿಧ್ಯ ಹಬ್ಬವೇ ಸರಿ.

ಈ ಹಿಂಡುಗಳ ನಡುವೆ ಅಪರೂಪಕ್ಕೆ ಮತ್ತೊಂದು ಬಣ್ಣ ಕಾಣಿಸಿಕೊಳ್ಳುವುದುಂಟು. ಅದು ಕರಿಯದೂ ಅಲ್ಲ, ಬಿಳಿಯದೂ ಅಲ್ಲ. ಒಲೆಯಿಂದ ತೆಗೆದ ಬೂದಿಯ ಹಾಗೆ, ಮಳೆ ಹೊಯ್ಯಲಿರುವ ಮೋಡದ ಹಾಗೆ ತೋರುವ ಬಣ್ಣ. ಬಿಸಿಲಿನಲ್ಲಿ ನಿಂತಾಗ ಗರಿಗಳ ಮೇಲೆ ನೀಲಿಯ ಛಾಯೆಯೊಂದು ಹಾದುಹೋಗುತ್ತದೆ. ಪ್ರತಿಯೊಂದು ಗರಿಗೂ ಕಡುಬಣ್ಣದ ಅಂಚು ಕಟ್ಟಿದ್ದರಂತೂ ಅದರ ಚೆಲುವು ಹೇಳತೀರದು. ನಮ್ಮ ಜನ ಇದನ್ನು ಬೂದಿ ಬಣ್ಣವೆನ್ನುತ್ತಾರೆ. ಕೋಳಿಸಾಕಣೆಯ ಗ್ರಂಥಗಳು ನೀಲಿಯೆನ್ನುತ್ತವೆ. ಎರಡರಲ್ಲಿ ಯಾವುದೂ ತಪ್ಪಲ್ಲ. 'ನೀಲ' ಎಂಬ ಶಬ್ದ ಆಗಸದ ನೀಲಿಗೆ ಮಾತ್ರ ಮೀಸಲಾದುದಲ್ಲ. ಕಾರ್ಮೋಡವನ್ನು ನೀಲಮೇಘವೆಂದು ಕರೆದ ಭಾಷೆಗೆ ಕಪ್ಪಿಗೂ ನೀಲಿಗೂ ನಡುವಣ ಬಣ್ಣಗಳೆಲ್ಲ ನೀಲವೇ.

ಬಣ್ಣ ಕಣ್ಣಿಗೆ ಹಿತವೆಂಬುದಷ್ಟೇ ಇಲ್ಲಿನ ಮಾತಾಗಿದ್ದರೆ ಇದನ್ನು ಇಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಆದರೆ ಈ ಬಣ್ಣದ ಕೋಳಿಯನ್ನು ಸಾಕಿದವರಿಗೆ ಅದು ಒಡ್ಡುವ ಒಗಟೊಂದುಂಟು. ಆ ಒಗಟು ಒಂದು ಕಾಲಕ್ಕೆ ಇಂಗ್ಲೆಂಡಿನ ಹೆಸರಾಂತ ಕೋಳಿಸಾಕಣೆಗಾರರನ್ನೂ ದಿಕ್ಕುಗೆಡಿಸಿತ್ತು.

ಹನೂರಿನ ಸುತ್ತಿನ ಹಳ್ಳಿಯೊಂದರ ರೈತ ಕುಟುಂಬವನ್ನು ಊಹಿಸಿಕೊಳ್ಳಬಹುದು. ಮನೆಯ ಸೊಸೆ ತಾನು ಕೂಡಿಟ್ಟ ಹಣದಲ್ಲಿ ಬೂದಿ ಬಣ್ಣದ ಒಂದು ಹುಂಜವನ್ನೂ ಅದೇ ಬಣ್ಣದ ಒಂದು ಹೇಂಟೆಯನ್ನೂ ತಂದಿದ್ದಾಳೆ. ಹಿಂಡೆಲ್ಲ ಒಂದೇ ಬಣ್ಣದ್ದಾದರೆ ಕೊಳ್ಳುವವರು ನಾಲ್ಕು ಕಾಸು ಹೆಚ್ಚು ಕೊಟ್ಟಾರು ಎಂಬುದು ಅವಳ ಆಸೆ. ೧೨ ಮೊಟ್ಟೆಗಳನ್ನು ಕಾವಿಗೆ ಕೂರಿಸಿದಳು. ೨೧ನೆಯ ದಿನ ೧೧ ಮೊಟ್ಟೆಗಳು ಒಡೆದು ಮರಿಗಳು ಹೊರಬಂದವು. ಆರು ಮರಿಗಳು ತಾಯಿತಂದೆಗಳಂತೆಯೇ ಬೂದಿ ಬಣ್ಣದವು. ಮೂರು ಅಚ್ಚ ಕಪ್ಪು. ಉಳಿದೆರಡು ಬೆಳ್ಳಗಿದ್ದು, ಬೆಳೆಯುತ್ತ ಮೈಮೇಲೆ ಶಾಯಿ ಚಿಮುಕಿಸಿದಂತೆ ಅಲ್ಲಲ್ಲಿ ಕಪ್ಪು-ನೀಲಿ ಚುಕ್ಕೆಗಳನ್ನು ತಳೆದವು.

"ಹುಂಜವೂ ಬೂದಿ, ಹ್ಯಾಟೆಯೂ ಬೂದಿ. ಈ ಕರೀ ಮರಿಗಳು ಎಲ್ಲಿಂದ ಬಂದೊ ಅತ್ತೆ?"

"ಪಕ್ಕದ ಕೇರಿ ಕರೀ ಹುಂಜ ಬಂದು ಸೇರ್ಕೊಂಡದೆ ಕಣವ್ವ, ಇನ್ನೇನು?"

"ಹಂಗಾರೆ ಈ ಬಿಳೀವು? ನಮ್ಮ ಊರಲ್ಲಿ ಇಂಥ ಬಣ್ಣದ ಹುಂಜವೇ ಇಲ್ವಲ್ಲ."

ಅತ್ತೆಯ ಬಳಿ ಇದಕ್ಕೆ ಉತ್ತರವಿರಲಿಲ್ಲ. ಆದರೆ ತೀರ್ಮಾನವೊಂದಿತ್ತು: ಬೂದಿ ಬಣ್ಣದವನ್ನು ಇಟ್ಟುಕೊಂಡು, ಕರಿಯವನ್ನೂ ಚುಕ್ಕೆಯವನ್ನೂ ಸಂತೆಗೆ ಕೊಟ್ಟುಬಿಡುವುದು. ಮುಂದಿನ ಸಲ ಹೇಂಟೆಯನ್ನು ಮಂಕರಿಯಡಿ ಮುಚ್ಚಿಟ್ಟು ಕಾದರೂ ಫಲ ಅದೇ. ಬೂದಿ ಬಣ್ಣದವುಗಳ ಜೊತೆಗೆ ಮತ್ತೆ ಕರಿಯವು, ಮತ್ತೆ ಚುಕ್ಕೆಯವು. ಹಾಗಾದರೆ ಹುಂಜವನ್ನು ಮಾರಿದವನು ಮೋಸ ಮಾಡಿದನೆ? ಜಾತಿ ಕೆಟ್ಟ ಕೋಳಿಯನ್ನು ಒಳ್ಳೆಯದೆಂದು ಕೈಗೆ ಕಟ್ಟಿದನೆ?

ಇದೇ ಸಂಶಯ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಹಲವರನ್ನು ಕಾಡಿತು. ಸ್ಪೇನ್ ದೇಶದ ಆಂಡಲೂಸಿಯ ಪ್ರಾಂತದ ಹೆಸರು ಹೊತ್ತ ನೀಲಿ ಕೋಳಿಯೊಂದು ಅಲ್ಲಿನ ಪ್ರದರ್ಶನಗಳಲ್ಲಿ ಬಹುಮಾನಗಳನ್ನು ಗೆಲ್ಲುತ್ತಿತ್ತು. ಅದನ್ನು ಸಾಕುವವರು ಅತ್ಯಂತ ಸುಂದರವಾದ ನೀಲಿ ಹುಂಜವನ್ನು ಅತ್ಯಂತ ಸುಂದರವಾದ ನೀಲಿ ಹೇಂಟೆಯೊಡನೆ ಕೂಡಿಸುತ್ತಿದ್ದರು. ಮರಿಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ನೀಲಿಯಾಗುತ್ತಿದ್ದವು. ಉಳಿದವನ್ನು 'ನಿರುಪಯುಕ್ತ'ಗಳೆಂದು ಕರೆದು ಪ್ರತಿ ವರ್ಷವೂ ಹೊರಹಾಕುತ್ತಿದ್ದರು. ಹಾಗೆ ತಲೆಮಾರುಗಟ್ಟಲೆ ಆರಿಸಿದರೂ ಕರಿಯವು, ಚುಕ್ಕೆಯವು ಹುಟ್ಟುವುದು ನಿಲ್ಲಲಿಲ್ಲ. ರಕ್ತದಲ್ಲಿ ಹಳೆಯ ಬೆರಕೆ ಇನ್ನೂ ಉಳಿದಿದೆ, ಅದನ್ನು ಸೋಸಿ ತೆಗೆದರೆ ಸರಿಹೋಗುತ್ತದೆ ಎಂದು ಅವರು ನಂಬಿದ್ದರು. ಆ ನಂಬಿಕೆಯಲ್ಲಿ ತಾಳ್ಮೆಯಿತ್ತು, ಶ್ರಮವಿತ್ತು, ಲೆಕ್ಕವೊಂದು ಇರಲಿಲ್ಲ.

ಆ ಲೆಕ್ಕವನ್ನು ಒದಗಿಸಿದವರು ಆಸ್ಟ್ರಿಯ ಸಾಮ್ರಾಜ್ಯಕ್ಕೆ ಸೇರಿದ್ದ ಬ್ರುನ್ ನಗರದ ಕ್ರೈಸ್ತ ಸನ್ಯಾಸಿ ಗ್ರೆಗರ್ ಮೆಂಡೆಲ್. ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿ, ಬೀಜಗಳನ್ನು ಒಂದೊಂದಾಗಿ ಎಣಿಸಿ, ಅವರು ೧೮೬೬ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಆಗ ಬಹುಮಟ್ಟಿಗೆ ಯಾರೂ ಲಕ್ಷಿಸಲಿಲ್ಲ. ೧೮೮೪ರಲ್ಲಿ ಅವರು ತೀರಿಕೊಂಡರು. ೧೯೦೦ರಲ್ಲಿ ಯೂರೋಪಿನ ಮೂವರು ವಿಜ್ಞಾನಿಗಳು ಬೇರೆ ಬೇರೆಯಾಗಿ ಆ ನಿಯಮಗಳನ್ನು ಮತ್ತೆ ಕಂಡುಕೊಂಡರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ವಿಲಿಯಂ ಬೇಟ್ಸನ್ ಅವರು ಸಸ್ಯಗಳಿಗೆ ಒಪ್ಪುವ ಈ ನಿಯಮ ಪ್ರಾಣಿಗಳಿಗೂ ಒಪ್ಪುವುದೆ ಎಂದು ಪರೀಕ್ಷಿಸಲು ಆರಿಸಿಕೊಂಡದ್ದು ಕೋಳಿಗಳನ್ನು. ಹತ್ತಿರದ ಗ್ರ್ಯಾಂಟ್‌ಚೆಸ್ಟರ್ ಹಳ್ಳಿಯಲ್ಲಿ ಅವರ ಮನೆಯ ಹಿತ್ತಲೇ ಪ್ರಯೋಗಶಾಲೆಯಾಯಿತು. ಶಿವನಸಮುದ್ರದ ನೀರಿನಿಂದ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಮೊದಲ ಬಾರಿ ಹರಿದ ೧೯೦೨ರಲ್ಲಿಯೇ, ಕೋಳಿಯ ಜುಟ್ಟಿನ ಆಕಾರ ಮೆಂಡೆಲ್ ನಿಯಮವನ್ನು ಅನುಸರಿಸುತ್ತದೆಂಬ ಬೇಟ್ಸನ್‌ರ ವರದಿಯೂ ಹೊರಬಂದಿತು. ಅವರೂ ಅವರ ಸಹೋದ್ಯೋಗಿ ಪನೆಟ್ಟರೂ ನೀಲಿ ಆಂಡಲೂಸಿಯನ್ ಕೋಳಿಯ ಒಗಟನ್ನು ಬಿಡಿಸಿದ್ದು ಇದೇ ವರ್ಷಗಳಲ್ಲಿ. ವಂಶಾನುಕ್ರಮದ ಅಧ್ಯಯನಕ್ಕೆ ಇಂಗ್ಲಿಷಿನಲ್ಲಿ 'ಜೆನೆಟಿಕ್ಸ್' ಎಂಬ ಹೆಸರಿಟ್ಟವರೂ ಬೇಟ್ಸನ್ನರೇ.

ಒಗಟಿನ ಪರಿಹಾರ ಹೀಗಿದೆ. ಪ್ರತಿಯೊಂದು ಮರಿಯೂ ಗರಿಯ ಈ ಬಣ್ಣಕ್ಕೆ ಸಂಬಂಧಿಸಿದಂತೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಒಟ್ಟು ಎರಡು ವಂಶವಾಹಿಗಳನ್ನು ಪಡೆಯುತ್ತದೆ. ವಂಶವಾಹಿಯಲ್ಲಿ ಎರಡು ಬಗೆ: ಕಪ್ಪನ್ನು ಹಾಗೆಯೇ ಉಳಿಸುವಂಥದು, ಕಪ್ಪನ್ನು ತೆಳುಗೊಳಿಸುವಂಥದು. ಎರಡೂ ಉಳಿಸುವವಾದರೆ ಕೋಳಿ ಕರಿಯದು. ಎರಡೂ ತೆಳುಗೊಳಿಸುವವಾದರೆ ಕಪ್ಪು ಬಹುಮಟ್ಟಿಗೆ ಅಳಿದು, ಅಲ್ಲಲ್ಲಿ ಚುಕ್ಕೆಗಳಷ್ಟೇ ಉಳಿದ ಬಿಳಿಕೋಳಿ. ಒಂದೊಂದು ಬಗೆಯದು ಸೇರಿದಾಗ ಮಾತ್ರ ಬೂದಿ-ನೀಲಿ. ಎಂದರೆ ನೀಲಿಯೆಂಬುದು ಸ್ವತಂತ್ರವಾದ ಒಂದು ಜಾತಿಯಲ್ಲ. ಎರಡು ಬಗೆಗಳು ಒಂದೇ ಮೈಯಲ್ಲಿ ಸಂಧಿಸಿದ ಸ್ಥಿತಿ. ಸಂಧಿಸಿದವು ಮುಂದಿನ ತಲೆಮಾರಿನಲ್ಲಿ ಮತ್ತೆ ಬೇರ್ಪಡಲೇಬೇಕು.

ಹಿತ್ತಲಿನ ಸಂಜೆಮಲ್ಲಿಗೆಯನ್ನು ಬಲ್ಲವರಿಗೆ ಇದು ಹೊಸದಲ್ಲ. ಕೆಂಪು ಹೂವಿನ ಗಿಡಕ್ಕೂ ಬಿಳಿಯ ಹೂವಿನ ಗಿಡಕ್ಕೂ ಸಂಕರವಾದರೆ ಗುಲಾಬಿ ಬಣ್ಣದ ಹೂ ಬಿಡುವ ಗಿಡ ಹುಟ್ಟುತ್ತದೆ. ಅದರ ಬೀಜಗಳನ್ನು ಬಿತ್ತಿದರೆ ಕೆಂಪು, ಗುಲಾಬಿ, ಬಿಳಿ ಮೂರೂ ಮೂಡುತ್ತವೆ. ಎರಡು ಗುಣಗಳಲ್ಲಿ ಒಂದು ಇನ್ನೊಂದನ್ನು ಪೂರ್ತಿಯಾಗಿ ಮುಚ್ಚಲಾರದ ಈ ಬಗೆಯನ್ನು ವಿಜ್ಞಾನದಲ್ಲಿ 'ಅಪೂರ್ಣ ಪ್ರಾಬಲ್ಯ' ಎನ್ನುತ್ತಾರೆ.

ಲೆಕ್ಕವನ್ನು ಎರಡು ಗಡಿಗೆಗಳಿಂದ ಮನಗಾಣಬಹುದು. ಒಂದು ಗಡಿಗೆ ತಂದೆಯದು, ಇನ್ನೊಂದು ತಾಯಿಯದು. ತಂದೆತಾಯಿಗಳಿಬ್ಬರೂ ನೀಲಿಯಾದರೆ ಪ್ರತಿಯೊಂದು ಗಡಿಗೆಯಲ್ಲಿಯೂ ಕಪ್ಪು ಹುರುಳಿಕಾಳು ಅರ್ಧ, ಅದೇ ಗಾತ್ರದ ಬಿಳಿಯ ಕಾಳು ಅರ್ಧ ಇರುತ್ತವೆ. ಕಣ್ಣುಮುಚ್ಚಿ ಎರಡೂ ಗಡಿಗೆಗಳಿಂದ ಒಂದೊಂದು ಕಾಳನ್ನು ತೆಗೆದು ಜೋಡಿಸಬೇಕು. ಕಪ್ಪಿಗೆ ಕಪ್ಪು, ಕಪ್ಪಿಗೆ ಬಿಳಿ, ಬಿಳಿಗೆ ಕಪ್ಪು, ಬಿಳಿಗೆ ಬಿಳಿ ಎಂಬ ನಾಲ್ಕು ಬಗೆಯ ಜೋಡಿಗಳು ಸಮನಾಗಿ ಒದಗುತ್ತವೆ. ನಡುವಣ ಎರಡೂ ನೀಲಿಯೇ. ಆದುದರಿಂದ ನಾಲ್ಕರಲ್ಲಿ ಒಂದು ಪಾಲು ಕರಿಯವು, ಎರಡು ಪಾಲು ನೀಲಿ, ಒಂದು ಪಾಲು ಚುಕ್ಕೆಯವು. ಹನೂರಿನ ಮನೆಯಲ್ಲಿ ಹುಟ್ಟಿದ ಮೂರು, ಆರು, ಎರಡು ಮರಿಗಳು ಈ ಲೆಕ್ಕಕ್ಕೆ ಬಹಳ ಹತ್ತಿರದವು. ಯಾವ ಹುಂಜವೂ ಪಕ್ಕದ ಕೇರಿಯಿಂದ ಬಂದಿರಲಿಲ್ಲ. ಮಾರಿದವನೂ ಮೋಸ ಮಾಡಿರಲಿಲ್ಲ.

ಇದೇ ಲೆಕ್ಕದಿಂದ ಇನ್ನಷ್ಟು ಫಲಗಳು ಹೊರಡುತ್ತವೆ. ನೀಲಿ ಹುಂಜಕ್ಕೆ ಕರಿ ಹೇಂಟೆಯಾದರೆ ಮರಿಗಳು ಅರ್ಧ ನೀಲಿ, ಅರ್ಧ ಕರಿ. ನೀಲಿಗೆ ಚುಕ್ಕೆಯದಾದರೆ ಅರ್ಧ ನೀಲಿ, ಅರ್ಧ ಚುಕ್ಕೆ. ಇನ್ನು ಕರಿಯದಕ್ಕೆ ಚುಕ್ಕೆಯದು? ಕರಿಯದರ ಗಡಿಗೆಯಲ್ಲಿ ಕಪ್ಪು ಕಾಳು ಮಾತ್ರ. ಚುಕ್ಕೆಯದರ ಗಡಿಗೆಯಲ್ಲಿ ಬಿಳಿಯ ಕಾಳು ಮಾತ್ರ. ಯಾವುದನ್ನು ತೆಗೆದು ಜೋಡಿಸಿದರೂ ಒಂದು ಕಪ್ಪು, ಒಂದು ಬಿಳಿ. ಹುಟ್ಟುವ ಮರಿಗಳೆಲ್ಲವೂ, ಒಂದೂ ತಪ್ಪದಂತೆ, ನೀಲಿ!

ಇಂಗ್ಲೆಂಡಿನ ಸಾಕಣೆಗಾರರು ವರ್ಷವರ್ಷವೂ ನಿರುಪಯುಕ್ತವೆಂದು ಹೊರಹಾಕಿದ್ದು ಯಾವುದನ್ನು ಎಂಬುದು ಈಗ ತಿಳಿಯುತ್ತದೆ. ಅವರು ಬಯಸಿದ ಬಣ್ಣವನ್ನು ತಪ್ಪದೆ ಕೊಡಬಲ್ಲ ಜೋಡಿ ಅವರ ಅಂಗಳದಲ್ಲಿಯೇ ಓಡಾಡುತ್ತಿತ್ತು. ಆರಿಸಿ ಇಟ್ಟುಕೊಂಡದ್ದು ಅರ್ಧ ಫಲವನ್ನಷ್ಟೇ ಕೊಡುವ ಜೋಡಿ. ಹನೂರಿನ ಅತ್ತೆಯ ತೀರ್ಮಾನವೂ ಅದೇ ದಾರಿಯದು. ಸಂತೆಗೆ ಹೊರಟ ಬುಟ್ಟಿಯಲ್ಲಿ ಸೊಸೆಯ ಆಸೆಯ ಹಿಂಡು ಕುಳಿತಿತ್ತು.

ಲೆಕ್ಕ ಸುಲಭವೆಂದು ಕಾಗದದ ಮೇಲಿನ ಪಾಲನ್ನು ಕೋಳಿಗೂಡಿನಲ್ಲಿ ಹುಡುಕಹೊರಟರೆ ನಿರಾಶೆಯಾದೀತು. ನೀಲಿ ಜೋಡಿಯ ೧೨ ಮರಿಗಳಲ್ಲಿ ಸರಿಯಾಗಿ ಮೂರು ಕರಿ, ಆರು ನೀಲಿ, ಮೂರು ಚುಕ್ಕೆ ಬರುವುದು ನೂರು ಸಲದಲ್ಲಿ ಸುಮಾರು ಏಳು ಸಲ ಮಾತ್ರ. ಉಳಿದ ಸಲಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ. ಒಂದೇ ಒಂದು ಕರಿ ಮರಿಯೂ ಇಲ್ಲದೆ ೧೨ ಮರಿಗಳು ಹುಟ್ಟುವುದೂ ನೂರಕ್ಕೆ ಸುಮಾರು ಮೂರು ಸಲ ಸಂಭವಿಸುತ್ತದೆ. ನಾಲ್ಕೇ ಮರಿಗಳಾದರೆ ನಾಲ್ಕೂ ನೀಲಿಯಾಗಿಬಿಡುವ ಸಂಭವ ಹದಿನಾರರಲ್ಲಿ ಒಂದು. ಅಂಥ ಒಂದು ಸಲವನ್ನು ಕಂಡವರು ತಮ್ಮ ಹುಂಜ ಶುದ್ಧವಾದದ್ದೆಂದು ಹೆಮ್ಮೆಪಡುತ್ತಾರೆ. ಮುಂದಿನ ಸಲ ಕರಿ ಮರಿ ಹುಟ್ಟಿದರೆ ಗಾಳಿ ಸೋಕಿತೆಂದು ಹಲುಬುತ್ತಾರೆ. ಮೆಂಡೆಲ್ ಅವರು ಸಾವಿರಾರು ಬಟಾಣಿಗಳನ್ನು ಎಣಿಸಿದ್ದು ಸುಮ್ಮನೆ ಅಲ್ಲ. ಸಂಖ್ಯೆ ಹೆಚ್ಚಿದಷ್ಟೂ ಪಾಲು ಸ್ಥಿರವಾಗುತ್ತ ಹೋಗುತ್ತದೆ. ಕರಿಗೆ ಚುಕ್ಕೆಯದನ್ನು ಕೂಡಿಸಿದಾಗ ಮಾತ್ರ ಈ ಅದೃಷ್ಟದ ಮಾತಿಗೆ ಎಡೆಯೇ ಇಲ್ಲ.

ಕೊಳ್ಳೇಗಾಲದ ಸೀಮೆಯ ರೈತರಿಗೆ ಸಂಕರದ ಲೆಕ್ಕ ಬೇರೊಂದು ರೂಪದಲ್ಲಿ ಬಹುಕಾಲದಿಂದ ಪರಿಚಿತ. ಆ ರೂಪ ರೇಷ್ಮೆ. ಮೈಸೂರಿನ ನಾಡತಳಿಯ ಗೂಡು ಹಸಿರುಛಾಯೆಯ ಹಳದಿ. ಹೊರಗಿನಿಂದ ಬಂದ ಹಲವು ತಳಿಗಳ ಗೂಡು ಬಿಳಿ. ಎರಡರ ಮಿಶ್ರತಳಿಯನ್ನು ಸಾಕಿದವರು ಗೂಡಿಗೆ ಹಳದಿಯ ಬಣ್ಣವೇ ಬರುವುದನ್ನು ಕಂಡಿದ್ದಾರೆ. ಜಪಾನಿನ ವಿಜ್ಞಾನಿ ತೊಯಾಮಾ ಅವರು ಸಿಯಾಂ ದೇಶದ ಹಳದಿ ಗೂಡಿನ ಹುಳುಗಳನ್ನೂ ಜಪಾನಿನ ಬಿಳಿಯ ಗೂಡಿನ ಹುಳುಗಳನ್ನೂ ಕೂಡಿಸಿ, ಮೊದಲ ತಲೆಮಾರಿನಲ್ಲಿ ಎಲ್ಲವೂ ಹಳದಿಯಾಗಿ, ಎರಡನೆಯ ತಲೆಮಾರಿನಲ್ಲಿ ಮೂರು ಪಾಲು ಹಳದಿ, ಒಂದು ಪಾಲು ಬಿಳಿ ಬರುವುದನ್ನು ೧೯೦೬ರಲ್ಲಿ ತೋರಿಸಿಕೊಟ್ಟರು. ಅಲ್ಲಿ ಹಳದಿ ಪ್ರಬಲ. ಅದು ಬಿಳಿಯನ್ನು ಪೂರ್ತಿಯಾಗಿ ಮುಚ್ಚಿಬಿಡುತ್ತದೆ. ಹೀಗಾಗಿ ಹಳದಿ ಗೂಡನ್ನು ನೋಡಿ ಅದರೊಳಗೆ ಬಿಳಿಯ ಗುಣ ಅಡಗಿದೆಯೆ ಎಂದು ಹೇಳುವಂತಿಲ್ಲ. ಕೋಳಿಯಲ್ಲಿ ಹಾಗಲ್ಲ. ಕರಿ, ನೀಲಿ, ಚುಕ್ಕೆ ಎಂಬ ಮೂರು ಬಣ್ಣಗಳು ಒಳಗಿನ ಮೂರು ಸ್ಥಿತಿಗಳನ್ನೂ ಹೊರಗೆ ಬರೆದು ತೋರಿಸುತ್ತವೆ. ವಂಶಾನುಕ್ರಮವನ್ನು ಕಣ್ಣಿನಿಂದಲೇ ಓದಲು ಇದಕ್ಕಿಂತ ಸುಲಭವಾದ ಪುಸ್ತಕ ಸಿಕ್ಕದು.

ಗರಿಯಲ್ಲಿ ಈ ನೀಲಿ ಬರುವುದಾದರೂ ಹೇಗೆ? ನಮ್ಮ ರಾಜ್ಯದ ಪಕ್ಷಿಯಾದ ನೀಲಕಂಠ ರೆಕ್ಕೆ ಬಿಚ್ಚಿದಾಗ ಕಾಣುವ ಉಜ್ವಲವಾದ ನೀಲಿಯಾಗಲಿ, ನವಿಲಿನ ಕೊರಳಿನ ನೀಲಿಯಾಗಲಿ ನೀಲಿಯ ವರ್ಣದ್ರವ್ಯದಿಂದ ಬಂದುದಲ್ಲ. ಗರಿಯ ಸೂಕ್ಷ್ಮ ರಚನೆಗೆ ತಾಗಿ ಬೆಳಕು ಚದುರಿ, ನೀಲಿಯ ಅಂಶವಷ್ಟೇ ನಮ್ಮ ಕಣ್ಣಿಗೆ ಮರಳುವುದರಿಂದ ಆ ಬಣ್ಣ ತೋರುತ್ತದೆ. ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿದ್ದಾಗ, ೧೯೩೪ರಲ್ಲಿ, ಹಕ್ಕಿಗಳ ಗರಿಯ ಬಣ್ಣವನ್ನು ಕುರಿತು ಪ್ರಬಂಧ ಬರೆದರು. ಅವರು ಪರೀಕ್ಷಿಸಿದ ಹಕ್ಕಿಗಳಲ್ಲಿ ನೀಲಕಂಠವೂ ಒಂದು. ಉದುರಿ ಬಿದ್ದ ನವಿಲುಗರಿಯನ್ನು ಬೆಳಕಿಗೆ ಅಡ್ಡಲಾಗಿ ಹಿಡಿದು ನೋಡಿದರೆ ನೀಲಿ ಮಾಯವಾಗಿ ಮಾಸಲು ಕಂದು ಉಳಿಯುವುದನ್ನು ಯಾರು ಬೇಕಾದರೂ ಕಾಣಬಹುದು.

ಕೋಳಿಯ ನೀಲಿ ಇಷ್ಟು ವೈಭವದ್ದಲ್ಲ. ಅದು ತೆಳುವಾದ ಕಪ್ಪು, ಅಷ್ಟೆ. ಗರಿಯಲ್ಲಿ ಕಪ್ಪು ವರ್ಣದ್ರವ್ಯದ ಅತಿ ಸಣ್ಣ ಕಣಗಳು ಒತ್ತಾಗಿ ತುಂಬಿದ್ದರೆ ಕಾಡಿಗೆಯ ಕಪ್ಪು. ತೆಳುಗೊಳಿಸುವ ವಂಶವಾಹಿಯೊಂದು ಇದ್ದಾಗ ಆ ಕಣಗಳ ಆಕಾರವೂ ಹರಡಿಕೆಯೂ ಬದಲಾಗಿ ನಡುನಡುವೆ ತೆರವು ಬೀಳುತ್ತದೆ. ಇದ್ದಿಲಿನ ಪುಡಿಯನ್ನು ಸುಣ್ಣದಲ್ಲಿ ಕಲಸಿದರೆ ನೀಲಿಯ ಹೊಳಪುಳ್ಳ ಬೂದು ಬರುವಂತೆ ಇಲ್ಲಿಯೂ ಕಣ್ಣಿಗೆ ನೀಲಿಯ ಭಾಸವಾಗುತ್ತದೆ. ಎಲ್ಲ ನೀಲಿ ಕೋಳಿಗಳ ಛಾಯೆಯೂ ಒಂದೇ ಅಲ್ಲ. ಒಂದು ತಿಳಿ, ಒಂದು ಕಡು. ಹುಂಜದ ಕೊರಳೂ ಬೆನ್ನೂ ಹೇಂಟೆಯದಕ್ಕಿಂತ ಹೆಚ್ಚು ಕಪ್ಪು. ಬೇರೆ ವಂಶವಾಹಿಗಳೂ ಕೈಹಾಕುವುದರಿಂದ ಈ ವ್ಯತ್ಯಾಸ. ಬಿಸಿಲೂ ತನ್ನ ಪಾಲನ್ನು ಸೇರಿಸುತ್ತದೆ. ಹಳೆಯ ಗರಿಗಳು ಕಂದುಗಟ್ಟುತ್ತವೆ. ಗರಿ ಉದುರಿ ಹೊಸತು ಮೂಡಿದಾಗ ಬಣ್ಣ ಮತ್ತೆ ತಾಜಾ ಆಗುತ್ತದೆ.

ಈ ವಂಶವಾಹಿ ಕಪ್ಪನ್ನು ಮಾತ್ರ ತೆಳುಗೊಳಿಸುತ್ತದೆ. ಕೆಂಪನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ಆದುದರಿಂದ ಕೆಂಪು ಮೈಗೆ ಕರಿಯ ಎದೆ, ಕರಿಯ ಬಾಲವುಳ್ಳ ನಾಟಿ ಹುಂಜದ ಮನೆತನಕ್ಕೆ ಇದು ಹೊಕ್ಕರೆ ಕೆಂಪು ಕೆಂಪಾಗಿಯೇ ಉಳಿದು, ಎದೆ ಬಾಲಗಳು ಮಾತ್ರ ಬೂದಿ-ನೀಲಿಯಾಗುತ್ತವೆ. ಚುಕ್ಕೆಯ ಒಂದೇ ಒಂದು ಹುಂಜ ಕೇರಿಯಲ್ಲಿದ್ದರೆ, ಅದರಿಂದ ಹುಟ್ಟಿದ ಪ್ರತಿಯೊಂದು ಮರಿಯೂ ಈ ಗುಣದ ಒಂದು ಪಾಲನ್ನು ಹೊತ್ತಿರುತ್ತದೆ. ಕರಿ ಹೇಂಟೆಗಳಿಂದ ನೀಲಿ ಮರಿಗಳು. ಕೆಂಪು ಹೇಂಟೆಗಳಿಂದ ನೀಲಿ ಬಾಲದ ಕೆಂಪು ಮರಿಗಳು. ಸಂತೆಯಲ್ಲಿ ಅಗ್ಗಕ್ಕೆ ಹೋಗುವ ಹಕ್ಕಿಯ ನಿಜವಾದ ಬೆಲೆ ಇದು.

ಹಾಗೆಂದು ಬೂದಿ ಬಣ್ಣದ ಕೋಳಿಗಳೆಲ್ಲ ಈ ಲೆಕ್ಕಕ್ಕೆ ಒಳಪಟ್ಟವೆಂದು ತಿಳಿಯಬಾರದು. 'ಲ್ಯಾವೆಂಡರ್' ಎಂದು ಕರೆಯುವ ಇನ್ನೊಂದು ತಿಳಿಬೂದು ಬಣ್ಣವುಂಟು. ಅದರ ವಂಶವಾಹಿ ಬೇರೆಯದೇ. ಅದರ ಮೂಲವನ್ನು ವಿಜ್ಞಾನಿಗಳು ೨೦೦೮ರಲ್ಲಿ ಗುರುತಿಸಿದರು. ಅದು ದುರ್ಬಲ ಗುಣ. ತಂದೆತಾಯಿಗಳಿಬ್ಬರಿಂದಲೂ ಬಂದರೆ ಮಾತ್ರ ಹೊರಗೆ ತೋರುತ್ತದೆ. ಎರಡನ್ನೂ ಬೇರ್ಪಡಿಸಿ ತಿಳಿಯಲು ಸೂಕ್ಷ್ಮದರ್ಶಕ ಬೇಡ, ಮೊಟ್ಟೆಗಳು ಸಾಕು. ಬೂದಿಗೆ ಬೂದಿಯನ್ನು ಕೂಡಿಸಿದಾಗ ಮರಿಗಳೆಲ್ಲವೂ ಬೂದಿಯೇ ಆಗುತ್ತ ಹೋದರೆ ಅದು ಲ್ಯಾವೆಂಡರ್. ಮೂರು ಬಣ್ಣಗಳಾಗಿ ಒಡೆದರೆ ಆಂಡಲೂಸಿಯನ್ ಬಗೆಯ ನೀಲಿ. ಹಾಗೆಯೇ ಚುಕ್ಕೆಯಿಲ್ಲದ ಅಚ್ಚ ಬಿಳಿಯ ಲೆಗ್‌ಹಾರ್ನ್ ಕೋಳಿಯ ಬಿಳುಪೂ ಬೇರೆ ಕಾರಣದ್ದು. ಕರಿ ಹೇಂಟೆಗೆ ಅಂಥ ಬಿಳಿಯ ಹುಂಜವನ್ನು ಬಿಟ್ಟು ನೀಲಿ ಮರಿಗಳಿಗಾಗಿ ಕಾಯುವುದು ವ್ಯರ್ಥ.

ಬೂದಿ ಬಣ್ಣ ಕಾಡಿನಿಂದ ಬಂದುದೆ ಎಂಬ ಪ್ರಶ್ನೆಯೂ ಇಲ್ಲಿ ಏಳುವುದು ಸಹಜ. ಏಕೆಂದರೆ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿಯೂ ಬೂದು ಕಾಡುಕೋಳಿ ವಾಸಿಸುತ್ತದೆ. ಬೆಳಗಿನ ಜಾವ ಕಣಿವೆಯಿಂದ ಕೇಳಿಬರುವ ಅದರ ಕೂಗು ಊರಿನ ಹುಂಜದ ಕೂಗಿನಂತಲ್ಲ. ಒಡೆದೊಡೆದು ಬರುವ ಗಡಸು ದನಿ. ಹುಂಜದ ಕೊರಳ ಗರಿಗಳ ತುದಿಯಲ್ಲಿ ಮೇಣದ ಹನಿ ಅಂಟಿಸಿದಂಥ ಬಿಳಿ-ಹಳದಿ ಚುಕ್ಕೆಗಳಿರುತ್ತವೆ. ಈ ಗರಿಗಳಿಗಾಗಿಯೇ, ವಿದೇಶಗಳಲ್ಲಿ ಮೀನು ಹಿಡಿಯುವ ಕೃತಕ ನೊಣಗಳನ್ನು ಕಟ್ಟಲು, ಒಂದು ಕಾಲಕ್ಕೆ ಇದನ್ನು ವಿಪರೀತವಾಗಿ ಬೇಟೆಯಾಡಿದರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದನ್ನು ರಕ್ಷಿಸಿದೆ. ಆದರೆ ಇದರ ಬೂದು ಗರಿಯ ಮೇಲಿನ ಗೆರೆಗಳಿಂದ ಮೂಡಿದುದು. ಸಾಕುಕೋಳಿಯ ಬೂದಿ-ನೀಲಿಗೂ ಅದಕ್ಕೂ ಸಂಬಂಧವಿಲ್ಲ. ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಅದು ಈ ಬೆಟ್ಟಗಳಲ್ಲಿಲ್ಲ.

ಹಾಗಿದ್ದರೂ ಬೂದು ಕಾಡುಕೋಳಿ ಊರಿನ ಕೋಳಿಗೆ ಕೊಟ್ಟ ಕಾಣಿಕೆಯೊಂದುಂಟು, ಅದು ಗರಿಯಲ್ಲಿಲ್ಲ, ಕಾಲಿನಲ್ಲಿದೆ. ಹಲವು ಸಾಕುಕೋಳಿಗಳ ಕಾಲಿನ ಹಳದಿ ಬಣ್ಣಕ್ಕೆ ಕಾರಣವಾದ ವಂಶವಾಹಿ ಕೆಂಪು ಕಾಡುಕೋಳಿಯಿಂದಲ್ಲ, ಬಹುಮಟ್ಟಿಗೆ ಬೂದು ಕಾಡುಕೋಳಿಯಿಂದ ಬಂದುದೆಂದು ಸ್ವೀಡನ್ನಿನ ವಿಜ್ಞಾನಿಗಳ ತಂಡವೊಂದು ೨೦೦೮ರಲ್ಲಿ ತೋರಿಸಿತು. ಜಗತ್ತಿನ ಯಾವ ಮೂಲೆಯ ಹಳದಿ ಕಾಲಿನ ಕೋಳಿಯನ್ನು ನೋಡಿದರೂ ಅದರಲ್ಲಿ ದಕ್ಷಿಣ ಭಾರತದ ಕಾಡುಗಳ ಗುರುತೊಂದು ಉಳಿದಿದೆಯೆನ್ನಬಹುದು. ಬಣ್ಣದ ಹಿಂದೆ ಹೋದವರು ಕಾಲನ್ನು ನೋಡಲು ಮರೆಯಬಾರದು!

ನಮ್ಮ ಹಳ್ಳಿಗಳಲ್ಲಿ ಕೋಳಿಯ ಬಣ್ಣಕ್ಕೆ ಬೇರೆ ಅರ್ಥಗಳೂ ಇವೆ. ಇಂಥ ಬಣ್ಣದ ಹುಂಜವೇ ಬೇಕೆಂದು ಹರಕೆ ಹೊರುವವರುಂಟು. ಹರಕೆಯ ಕೋಳಿಯ ಮಾತು ಬಂದಾಗ ಜನ್ನಕವಿ ೧೨೦೯ರಲ್ಲಿ ಮುಗಿಸಿದ 'ಯಶೋಧರ ಚರಿತೆ' ಕನ್ನಡಿಗರ ನೆನಪಿಗೆ ಬಾರದಿರದು. ಅಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ಕತ್ತಿಯೇಟಿಗೆ ಅದೂ ಕೂಗಿತು. ಬಣ್ಣಕ್ಕೆ ಇನ್ನೊಂದು ಲೌಕಿಕ ಪ್ರಯೋಜನವೂ ಇದೆ. ಬಯಲಿನಲ್ಲಿ ಮೇಯುವ ಬಿಳಿಯ ಕೋಳಿ ಹದ್ದಿನ ಕಣ್ಣಿಗೆ ದೂರದಿಂದಲೇ ಬೀಳುತ್ತದೆ. ಕಂದು, ಕೆಂಚು, ಬೂದಿ ಬಣ್ಣದವು ನೆಲದಲ್ಲಿ ಬೆರೆತುಹೋಗುತ್ತವೆ. ಬೆಂಗಳೂರಿನ ಹೆಬ್ಬಾಳದಲ್ಲಿ ೧೯೮೦ರ ದಶಕದ ಕೊನೆಗೆ ರೂಪುಗೊಂಡ 'ಗಿರಿರಾಜ' ತಳಿಗೆ ಬಣ್ಣದ ಗರಿ ಇರುವಂತೆ ನೋಡಿಕೊಂಡುದು ಹಿತ್ತಲಿನಲ್ಲಿ ಮೇಯುವ ಕೋಳಿಗೆ ಅದು ಒಪ್ಪುವುದೆಂಬ ಕಾರಣದಿಂದಲೇ.

ಆದರೆ ಬಣ್ಣವೊಂದನ್ನೇ ಗುರಿಯಾಗಿಸಿಕೊಂಡು ಆರಿಸುವುದರಲ್ಲಿ ಅಪಾಯವಿದೆ. ಹನೂರಿನ ಸೊಸೆ ಲೆಕ್ಕವನ್ನು ತಿಳಿದು, ತನ್ನದೇ ಗೂಡಿನ ಕರಿ ಹೇಂಟೆಯನ್ನೂ ಚುಕ್ಕೆಯ ಹುಂಜವನ್ನೂ ಕೂಡಿಸಿದಳೆನ್ನೋಣ. ಮರಿಗಳೆಲ್ಲ ನೀಲಿಯಾಗುವುದು ನಿಶ್ಚಯ. ಆದರೆ ಆ ಹುಂಜವೂ ಹೇಂಟೆಯೂ ಒಂದೇ ತಾಯಿಯ ಮಕ್ಕಳು. ಒಡಹುಟ್ಟಿದವುಗಳನ್ನೇ ತಲೆಮಾರು ತಲೆಮಾರಾಗಿ ಕೂಡಿಸುತ್ತ ಹೋದರೆ ಅಡಗಿದ್ದ ದುರ್ಬಲ ಗುಣಗಳು ಜೋಡಿಯಾಗಿ ಹೊರಬೀಳುತ್ತವೆ: ಮೊಟ್ಟೆಗಳು ಒಡೆಯುವುದು ಕಡಿಮೆಯಾಗುತ್ತದೆ, ಮರಿಗಳ ಕಸುವು ಕುಗ್ಗುತ್ತದೆ, ರೋಗಕ್ಕೆ ಬೇಗ ತುತ್ತಾಗುತ್ತವೆ. ನಮ್ಮವರು ಕೊಕ್ಕರೆ ರೋಗವೆನ್ನುವ ರಾಣಿಖೇತ್ ಬೇನೆ ಹೊಕ್ಕಿತೆಂದರೆ ಇಡೀ ಕೇರಿಯ ಗೂಡುಗಳು ಬರಿದಾಗಬಹುದು. ೧೯೨೮ರಲ್ಲಿ ಹಿಮಾಲಯದ ರಾಣಿಖೇತ್ ಊರಿನಲ್ಲಿ ಗುರುತಿಸಲ್ಪಟ್ಟು ಆ ಊರಿನ ಹೆಸರನ್ನೇ ಪಡೆದ ಈ ಬೇನೆಗೆ ಚಿಕಿತ್ಸೆಯಿಲ್ಲ. ಮುಂಚೆಯೇ ಲ ಸಿಕೆ ಹಾಕಿಸುವುದೊಂದೇ ದಾರಿ. ಕಾವಿಗೆ ಕೂರುವ ಸಹನೆ, ಮರಿಗಳನ್ನು ಹದ್ದಿನಿಂದ ಕಾಯುವ ಎಚ್ಚರ, ಬಯಲಲ್ಲಿ ಹೆಕ್ಕಿ ಬದುಕುವ ಜಾಣತನ, ಇವೂ ವಂಶದಿಂದ ಬರುವ ಗುಣಗಳೇ. ಇವುಗಳಿಗೆ ಬಣ್ಣದಂತೆ ಹೊರಗೆ ಕಾಣುವ ಗುರುತಿಲ್ಲ. ಗುರುತಿಲ್ಲದ್ದನ್ನು ಕಳೆದುಕೊಂಡದ್ದು ಬೇಗ ತಿಳಿಯುವುದೂ ಇಲ್ಲ.

ಆದುದರಿಂದ ಚುಕ್ಕೆಯ ಹುಂಜವನ್ನು ತನ್ನ ಗೂಡಿನ ಹೇಂಟೆಗೇ ಬಿಡದೆ, ಸಂಬಂಧವಿಲ್ಲದ ಬೇರೆ ಮನೆಯ, ಚೆನ್ನಾಗಿ ಕಾವು ಕೂರುವ ಕರಿ ಹೇಂಟೆಗಳೊಡನೆ ಬಿಡುವುದು ಲೇಸು. ಕರಿಯ ನಾಟಿ ಹೇಂಟೆಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ಎರಡು ಮನೆಗಳವರು ಹುಂಜವನ್ನು ಕೊಟ್ಟು ತೆಗೆದುಕೊಳ್ಳುವುದು ಹಳ್ಳಿಗಳಿಗೆ ಹೊಸ ಪದ್ಧತಿಯೂ ಅಲ್ಲ. ಒಂದು ಎಚ್ಚರ ಮಾತ್ರ ಬೇಕು. ಹಳೆಯ ಹುಂಜವನ್ನು ದೂರಮಾಡಿದ ಮೇಲೂ ಎರಡು ಮೂರು ವಾರಗಳ ಕಾಲ ಅದರ ಬೀಜ ಹೇಂಟೆಯ ಮೈಯಲ್ಲಿ ಉಳಿದು, ಮೊಟ್ಟೆಗಳು ಅದರಿಂದಲೇ ಫಲಿತವಾಗುತ್ತಿರಬಹುದು. ಹೊಸ ಹುಂಜ ಬಂದ ಮರುದಿನವೇ ಮೊಟ್ಟೆ ಕೂಡಿಟ್ಟವರಿಗೆ ಲೆಕ್ಕ ತಪ್ಪುತ್ತದೆ. ಒಂದು ತಿಂಗಳು ಕಾದು, ಆಮೇಲಿನ ಮೊಟ್ಟೆಗಳನ್ನು ಕಾವಿಗೆ ಕೂರಿಸಬೇಕು. ಮತ್ತೆ ೨೧ ದಿನ. ಮರಿ ಹೊರಬಂದು ಮೈ ಒಣಗಿದೊಡನೆಯೇ ಬಣ್ಣ ತಿಳಿಯುತ್ತದೆ: ಕರಿಯ ಮರಿಗೆ ಕಪ್ಪು ನವಿರು, ಹೊಟ್ಟೆಯ ಕೆಳಗೆ ಮಾತ್ರ ಬಿಳುಪು, ಚುಕ್ಕೆಯದಾಗಲಿರುವುದಕ್ಕೆ ಮಾಸಲು ಬಿಳುಪಿನ ನವಿರು, ನೀಲಿಯಾಗಲಿರುವ ಮರಿಗೆ ಮೊದಲ ದಿನದಿಂದಲೇ ಹೊಗೆಯ ಬಣ್ಣ.